ಹೊರಡುವ ಮುಂಚಿನ ಒಂದು ಸುತ್ತು

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ವಿಮಾನ ಬಂದು ನಿಂತು ಮತ್ತೆ ಹೊರಡುವುದರೊಳಗೆ ನಡೆಯುವ ಒಂದು ಕೆಲಸವನ್ನು ಪ್ರಯಾಣಿಕರು ಕಿಟಕಿಯಿಂದ ಕಂಡರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಿರುಗುವ ಜಾಕೆಟ್ ತೊಟ್ಟ ಪೈಲಟ್ ಟಾರ್ಚ್ ಹಿಡಿದು ಮೂತಿಯಿಂದ ಶುರುಮಾಡಿ ವಿಮಾನಕ್ಕೆ ಒಂದು ಸುತ್ತು ಬರುತ್ತಾರೆ. ಎಂಜಿನ್ನಿನ ಬ್ಲೇಡುಗಳಿಗೆ ಹಕ್ಕಿ ಬಡಿದಿದೆಯೇ, ಟೈರು ಸವೆದಿದೆಯೇ, ಚಕ್ರದ ಬಳಿ ಎಣ್ಣೆ ಸೋರಿದೆಯೇ, ಲಗೇಜು ಗಾಡಿ ತಾಗಿ ಎಲ್ಲಾದರೂ ತಗ್ಗು ಬಿದ್ದಿದೆಯೇ ಎಂದು ನೋಡುತ್ತಾರೆ. ಬ್ರೇಕಿನಿಂದ ಚಿಕ್ಕದೊಂದು ಕಡ್ಡಿ ಹೊರಚಾಚಿರುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ಅದು ಅಂಚಿನ ಮಟ್ಟಕ್ಕೆ ಇಳಿದಿದ್ದರೆ ಬ್ರೇಕ್ ಬದಲಿಸುವ ಕಾಲ ಬಂದಿದೆ ಎಂದು ಅರ್ಥ. ಎಂಜಿನಿಯರ್‌ಗಳ ತಪಾಸಣೆ ಬೇರೆ, ದೋಷ, ದುರಸ್ತಿ ಬರೆದಿಡುವ ಟೆಕ್ ಲಾಗ್‌ನ ಸಹಿ ಬೇರೆ. ಇಷ್ಟು ಕಣ್ಣುಗಳಿದ್ದ ಮೇಲೆ ಭಯವೇಕೆ ಎಂದೇ ಎಲ್ಲರ ಎಣಿಕೆ. ಈ ಪದ್ಧತಿಯ ದೊಡ್ಡ ದೌರ್ಬಲ್ಯವೂ ಆ ಎಣಿಕೆಯಲ್ಲೇ ಇದೆ.

2018ರ ಜುಲೈ 18ರಂದು ಬ್ರಿಸ್ಬೇನ್‌ನಿಂದ ಕೌಲಾಲಂಪುರಕ್ಕೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಏರ್‌ಬಸ್ ಎ330 ಇದಕ್ಕೆ ಸಾಕ್ಷಿ. ಬ್ರಿಸ್ಬೇನ್‌ನಲ್ಲಿ ಕಣಜಗಳು ವೇಗ ಅಳೆಯುವ ಪಿಟಾಟ್ ನಳಿಕೆಯೊಳಗೆ ಮಣ್ಣಿನ ಗೂಡು ಕಟ್ಟುತ್ತವೆ. ಅದನ್ನು ತಡೆಯಲೆಂದು ಹಾಕಿದ ಹೊದಿಕೆಗಳು ಮೂರೂ ನಳಿಕೆಗಳ ಮೇಲೆ ಹಾಗೇ ಉಳಿದವು. ಎಂಜಿನಿಯರ್‌ಗಳು, ನೆಲದ ಸಿಬ್ಬಂದಿ, ಸುತ್ತು ಬಂದ ಪೈಲಟ್, ಯಾರ ಕಣ್ಣಿಗೂ ಬೀಳಲಿಲ್ಲ. ವೇಗ ತೋರಿಸದ ವಿಮಾನ ಮೇಲೇರಿ, ಅದೃಷ್ಟಕ್ಕೆ ಸುರಕ್ಷಿತವಾಗಿ ಹಿಂದಿರುಗಿತು. ಹೊದಿಕೆ ತೆಗೆಯಬೇಕಾದವರು ಯಾರು ಎಂಬುದೇ ಅಲ್ಲಿ ಸ್ಪಷ್ಟವಿರಲಿಲ್ಲ. ಆದರೆ ಹೊಸಕೋಟೆ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಟೈರಿಗೆ ರಾಡಿನಿಂದ ಬಡಿಯುವ ಚಾಲಕ ಆ ಸದ್ದಿಗೆ ಕಿವಿಗೊಡುತ್ತಾನೆ, ಏಕೆಂದರೆ ಅವನ ಹಿಂದೆ ನೋಡುವವರು ಇನ್ಯಾರೂ ಇಲ್ಲ.

ಈಗಿನ ವಿಮಾನ ತನ್ನ ದೋಷವನ್ನು ತಾನೇ ಹೇಳುತ್ತದಲ್ಲ ಎಂದು ಕೇಳಬಹುದು. ಹೇಳುತ್ತದೆ, ಆದರೆ ಎತ್ತರ, ವೇಗ ತಿಳಿಯಲು ಅದು ನೆಚ್ಚಿಕೊಂಡಿರುವುದು ಗಾಳಿಯ ಒತ್ತಡ ಅಳೆಯುವ ಮೈಮೇಲಿನ ಸಣ್ಣ ರಂಧ್ರಗಳನ್ನೇ. 1996ರ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು ಬೋಯಿಂಗ್ 757ರಲ್ಲಿ, ತೊಳೆಯುವಾಗ ಆ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಕಿತ್ತಿರಲಿಲ್ಲ. ಎತ್ತರವೂ ವೇಗವೂ ಸುಳ್ಳಾಗಿ, 70 ಜನರೂ ಸತ್ತರು. ಸಮಯವೆಲ್ಲಿದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಡಿಸೆಂಬರ್, ಜನವರಿಯ ಬೆಳಗಿನ ಮಂಜು ಸರಿದು ದೇವನಹಳ್ಳಿಯಲ್ಲಿ ತಡವಾದ ವಿಮಾನಗಳೆಲ್ಲ ಒಟ್ಟಿಗೆ ಹೊರಡಲು ನಿಂತಾಗ ಇನ್ನೊಂದು ತಪಾಸಣೆ ಸೇರಿಸಿ ಎನ್ನುವುದು ಸುಲಭವಲ್ಲ. ಸೇರಿಸಬೇಕಾಗಿಯೂ ಇಲ್ಲ. ಎಲ್ಲ ಭಾಗವೂ ಸರಿಯಿದ್ದರೆ ಮಾತ್ರ ಹಾರಬೇಕೆಂದು ನಿಯಮವೂ ಹಟ ಹಿಡಿಯುವುದಿಲ್ಲ. ಕೆಲವು ದೋಷಗಳನ್ನು ದರ್ಜೆ ನೋಡಿ 3 ದಿನ, 10 ದಿನ ಮುಂದೂಡಲು ಬಿಡುತ್ತದೆ, ಆದರೆ ಅದು ಬರಹದಲ್ಲಿರಬೇಕು. ಅದೇ ಬಿಗಿ ಹೊದಿಕೆಗೂ ಟೇಪಿಗೂ ಬರಲಿ: ಹಾಕಿದವರ ಹೆಸರು ಲಾಗ್‌ನಲ್ಲಿರಲಿ, ತೆಗೆದವರು ಎಷ್ಟಿವೆ ಎಂದು ಎಣಿಸಿ ಪೈಲಟ್‌ಗೆ ತೋರಿಸಲಿ. ಅದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.