ಒಂದೇ ವೇಷ, ಬೇರೆ ಬೇರೆ ಬೇರು

ಕಾನಹೊಸಹಳ್ಳಿಯ ಹೊಲದಲ್ಲಿ ಹೆಣ್ಣುಮಕ್ಕಳು ಕಳೆ ತೆಗೆಯುತ್ತಾರೆ. ಸಂಜೆ ಮನೆಗೆ ಬಂದ ಮಗಳನ್ನು ನೋಡಿ ಅಜ್ಜಿ, ‘ಮಾರಿ ಮ್ಯಾಗ ಕಳೆ ಇಲ್ಲಲ್ಲ’ ಅನ್ನುತ್ತಾಳೆ. ಹೊಲದ ಕಳೆ ಅಚ್ಚಗನ್ನಡ, ‘ತೆಗೆದುಹಾಕು’ ಎಂಬರ್ಥದ ‘ಕಳೆ’ಯ ಒಡಹುಟ್ಟು. ಮುಖದ ಕಳೆ ಸಂಸ್ಕೃತದ ‘ಕಲಾ’ದಿಂದ ಬಂದದ್ದು. ಒಂದನ್ನು ಕೀಳಬೇಕು, ಇನ್ನೊಂದು ಉಳಿಯಬೇಕು!

‘ಬಾಳು’ ಇನ್ನೂ ಸೊಗಸು. ಹಳಗನ್ನಡದಲ್ಲಿ ಬದುಕು ‘ಬಾೞ್’, ಕತ್ತಿ ‘ಬಾಳ್’. ನಾಲಿಗೆ ಮಡಿಸಿ ಹೇಳುತ್ತಿದ್ದ ಆ ‘ೞ’ ಸವೆದು ‘ಳ’ದಲ್ಲಿ ಕರಗಿತು, ಬದುಕೂ ಕತ್ತಿಯೂ ಒಂದೇ ಒರೆ ಸೇರಿದವು. ನಮ್ಮ ಕಡೆಯ ‘ಬಾಳ ಚಲೋ’ದ ‘ಬಾಳ’ ಇವೆರಡರ ಬಳಗವಲ್ಲ, ಅದು ಸಂಸ್ಕೃತದಿಂದ ಬಂದ ‘ಬಹಳ’ದ ಮೊಟಕು ರೂಪ. ‘ಕರೆ’ಯೂ ಹಾಗೆಯೇ: ಕೂಗಿ ಕರೆಯುವುದಕ್ಕೆ ‘ರ’, ಹಾಲು ಕರೆಯುವುದಕ್ಕೆ ‘ಱ’.

ಈ ಗೊಂದಲ ಹದಿಮೂರನೇ ಶತಮಾನದ ಕೇಶಿರಾಜನಿಗೇ ಕಂಡಿತ್ತು. ‘ಶಬ್ದಮಣಿದರ್ಪಣ’ದಲ್ಲಿ ಆತ ‘ೞ’ ಇರುವ ಪದಗಳನ್ನು ಪಟ್ಟಿ ಮಾಡಿಟ್ಟ. ವ್ಯಾಕರಣಕಾರ ಪಟ್ಟಿ ಹಾಕಲು ಕೂತನೆಂದರೆ ಜನರ ಬಾಯಲ್ಲಿ ಅಕ್ಷರ ಆಗಲೇ ಜಾರತೊಡಗಿತ್ತು ಅನ್ನಿ. 1894ರ ಕಿಟೆಲ್ ನಿಘಂಟು ಇಂಥ ಜೋಡಿಗಳನ್ನು ಬಿಡಿಸಿ, ಪಕ್ಕದಲ್ಲೇ ತಮಿಳು, ತೆಲುಗು, ತುಳು ನೆಂಟರನ್ನೂ ಕೂರಿಸುತ್ತದೆ. ಒಂದು ಪದ ಹುಡುಕಲು ತೆರೆದರೆ ಅರ್ಧ ದಿನ ಹೋಗುತ್ತದೆ.