ಕರ್ಮ ಮೊದಲೋ ಕ್ರಿಯೆ ಮೊದಲೋ: ಕಚೇರಿ ತಂತ್ರಾಂಶದ ಮರುವಿನ್ಯಾಸ ಮತ್ತು ಕನ್ನಡದ ಪದಕ್ರಮ

2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಮೈಕ್ರೋಸಾಫ್ಟ್ ಆಫೀಸ್ ಆವೃತ್ತಿಯು ವರ್ಡ್, ಎಕ್ಸೆಲ್ ಮತ್ತು ಪವರ್‌ಪಾಯಿಂಟ್‌ಗಳಿಂದ ಮೆನುಪಟ್ಟಿಯನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ‘ರಿಬ್ಬನ್’ ಎಂಬ ಟ್ಯಾಬುಗಳ ಪಟ್ಟಿಯನ್ನು ಇರಿಸಿತು. ಇದನ್ನು ಕುರಿತು ಅಂದಿನಿಂದ ನಡೆದ ಚರ್ಚೆಯಲ್ಲಿ ಪರದೆಯ ಜಾಗ, ಕ್ಲಿಕ್ಕುಗಳ ಸಂಖ್ಯೆ, ಕೈಗೆ ಕೂತ ಅಭ್ಯಾಸ ಇವುಗಳದೇ ಮೇಲುಗೈ. ಮೆನು ಎಂಬುದು ಭಾಷಿಕ ರಚನೆಯೂ ಹೌದು, ಅದರ ಮರುವಿನ್ಯಾಸವೆಂದರೆ ಒಂದು ಬಗೆಯ ವಾಕ್ಯರಚನೆಯ ಬದಲಾವಣೆಯೂ ಹೌದು ಎಂಬ ಅಂಶ ಗಮನಕ್ಕೆ ಬಂದದ್ದು ವಿರಳ. ರಿಬ್ಬನ್ನಿನ ವಿನ್ಯಾಸ ತನಗರಿವಿಲ್ಲದೆಯೇ ಕನ್ನಡದಂತಹ ಕರ್ಮ-ಕ್ರಿಯಾ ಕ್ರಮದ ಭಾಷೆಗಳ ಕಡೆಗೆ ಅರ್ಧ ದಾರಿ ನಡೆದು ಬಂದು ಅಲ್ಲಿಯೇ ನಿಂತಿತು, ಆ ಅರ್ಧ ದಾರಿಯ ಪ್ರಯೋಜನವನ್ನೂ ಕನ್ನಡದ ಅನುವಾದ ಪದ್ಧತಿ ಪಡೆದುಕೊಂಡಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಮರುವಿನ್ಯಾಸಕ್ಕೆ ಕಾರಣಗಳಿದ್ದವು. ವರ್ಡ್ 2003ರ ವೇಳೆಗೆ ಉಪಕರಣಪಟ್ಟಿಗಳ ಸಂಖ್ಯೆ 31ಕ್ಕೆ ಏರಿತ್ತು. ವಿನ್ಯಾಸ ತಂಡದ ಜೆನ್ಸೆನ್ ಹ್ಯಾರಿಸ್ ಅವರು ಪ್ರಕಟಿಸಿದ ಬಳಕೆಯ ಅಂಕಿಗಳ ಪ್ರಕಾರ ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್ ಎಂಬ ಐದೇ ಆದೇಶಗಳು ಒಟ್ಟು ಬಳಕೆಯ ಸುಮಾರು ಶೇ. 32ರಷ್ಟನ್ನು ಆವರಿಸಿದ್ದವು. ಪದಗಳ ಆವರ್ತನವನ್ನು ಬಲ್ಲವರಿಗೆ ಈ ವಿತರಣೆ ಅಚ್ಚರಿ ತರುವಂಥದಲ್ಲ. ಗಮನಾರ್ಹವಾದುದು ಈ ಐದರ ಪದವರ್ಗ. ಇವುಗಳಲ್ಲಿ ಐದನೆಯದು ಗುಣವಾಚಕ, ಉಳಿದವು ಕ್ರಿಯೆಗಳು. ಆ ನಾಲ್ಕರಲ್ಲಿಯೂ ಮೂರು ಇಂಗ್ಲಿಷಿನಲ್ಲಿ ರೂಪ ಬದಲಿಸದೆ ನಾಮಪದಗಳಾಗಬಲ್ಲವು. ಇಂಗ್ಲಿಷಿನ ಮೆನು ನಿಂತಿರುವುದೇ ಈ ಅಸ್ಪಷ್ಟತೆಯ ಮೇಲೆ. ಕನ್ನಡಕ್ಕೆ ಆ ಅನುಕೂಲವಿಲ್ಲ. ‘ನಕಲು’ ಎಂದರೆ ನಾಮಪದ, ‘ನಕಲಿಸು’ ಎಂದರೆ ಕ್ರಿಯೆ, ಒಂದನ್ನು ಆರಿಸಲೇಬೇಕು. (ಪರೀಕ್ಷಾ ಕೊಠಡಿಯ ವಾಸನೆ ಎರಡಕ್ಕೂ ಅಂಟಿಕೊಂಡಿದೆಯೆಂಬುದು ಬೇರೆಯ ಮಾತು.)

ಹಳೆಯ ಮೆನುವಿನಲ್ಲಿ ಬಳಕೆದಾರ ಮೊದಲು ‘ಇನ್ಸರ್ಟ್’ ಎಂಬುದನ್ನು ತೆರೆದು ಅನಂತರ ‘ಪಿಕ್ಚರ್’ ಎಂಬುದನ್ನು ಆರಿಸುತ್ತಿದ್ದ. ಎರಡನ್ನೂ ಸೇರಿಸಿ ಓದಿದರೆ ಇಂಗ್ಲಿಷಿನ ಸರಳ ವಿಧ್ಯರ್ಥಕ ವಾಕ್ಯವೇ ಆಗುತ್ತದೆ. ಕನ್ನಡದಲ್ಲಿ ಇದೇ ಹಾದಿ ‘ಸೇರಿಸು’, ಅನಂತರ ‘ಚಿತ್ರ’ ಎಂದಾಗುತ್ತದೆ. ಆಡುಮಾತಿನಲ್ಲಿ ‘ತಾ, ಹಾಲು’ ಎನ್ನುವುದುಂಟು. ಅಲ್ಲಿ ನಡುವೆ ವಿರಾಮವಿರುತ್ತದೆ, ಕರ್ಮಪದವು ನೆನಪಾಗಿ ಸೇರಿಸಿದ ಮಾತಿನಂತೆ ಬರುತ್ತದೆ. ಇಡೀ ಮೆನುವ್ಯವಸ್ಥೆಯೇ ಇಂಥ ಹಿಂಬಾಲಕ ಮಾತುಗಳ ಸರಣಿಯಾಗುವುದು ಸಹಜವಲ್ಲ.

ಸಮಸ್ಯೆ ಪದಕ್ರಮಕ್ಕಷ್ಟೇ ಸೀಮಿತವಲ್ಲ. ಕನ್ನಡದ ಅಚೇತನ ಕರ್ಮಪದ ದ್ವಿತೀಯಾ ಪ್ರತ್ಯಯವನ್ನು ಪಡೆಯಬಹುದು, ಪಡೆಯದೆಯೂ ಇರಬಹುದು. ಈ ಆಯ್ಕೆಗೂ ನಿರ್ದಿಷ್ಟತೆಗೂ ಇರುವ ಸಂಬಂಧವನ್ನು ಜೆಫ್ರಿ ಲಿಡ್ಜ್ ಅವರು 2006ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯ ಲೇಖನವೊಂದರಲ್ಲಿ ವಿವೇಚಿಸಿದ್ದಾರೆ. ಪ್ರತ್ಯಯರಹಿತ ಕರ್ಮಪದ ಅನಿರ್ದಿಷ್ಟಾರ್ಥಕ್ಕೆ ಒಲಿಯುತ್ತದೆ, ಕ್ರಿಯಾಪದದ ಪಕ್ಕದಲ್ಲಿಯೇ ಇರಬಯಸುತ್ತದೆ. ಪ್ರತ್ಯಯ ಬಂದಾಗ ನಿರ್ದಿಷ್ಟಾರ್ಥ ಸಾಧ್ಯವಾಗುತ್ತದೆ, ಪದಕ್ಕೆ ಚಲನೆಯ ಸ್ವಾತಂತ್ರ್ಯವೂ ದೊರೆಯುತ್ತದೆ. ಈ ಭೇದವನ್ನು ತಂತ್ರಾಂಶಕ್ಕೆ ಅನ್ವಯಿಸಿ ನೋಡಬಹುದು. ದಸ್ತಾವೇಜಿನಲ್ಲಿ ಇನ್ನೂ ಇಲ್ಲದ ಕೋಷ್ಟಕವನ್ನು ತರಿಸುವಾಗ ನಾವು ಹೇಳುವುದು ‘ಕೋಷ್ಟಕ ಸೇರಿಸು’ ಎಂದು. ಕಣ್ಣೆದುರಿಗೆ ಇರುವ, ಆಯ್ಕೆ ಮಾಡಿಕೊಂಡಿರುವ ಕೋಷ್ಟಕದ ವಿಷಯದಲ್ಲಿ ಹೇಳುವುದು ‘ಕೋಷ್ಟಕವನ್ನು ಅಳಿಸು’ ಎಂದು. ಎಂದರೆ, ಕಚೇರಿ ತಂತ್ರಾಂಶದ ಆದೇಶಗಳನ್ನು ಇಬ್ಭಾಗಿಸುವ ಅತ್ಯಂತ ಮೂಲಭೂತ ಗೆರೆಯೊಂದನ್ನು ಕನ್ನಡ ತನ್ನ ವಿಭಕ್ತಿಯಲ್ಲಿಯೇ ಎಳೆದಿಟ್ಟಿದೆ.

ರಿಬ್ಬನ್ ಕೂಡ ಇದೇ ಗೆರೆಯನ್ನು ಎಳೆಯಿತು. ಕೋಷ್ಟಕದೊಳಗೆ ಕರ್ಸರ್ ಇಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಸಾಂದರ್ಭಿಕ ಟ್ಯಾಬುಗಳೇ ಅದಕ್ಕೆ ಸಾಕ್ಷಿ. ವಸ್ತುವನ್ನು ಮೊದಲು ಆರಿಸಿ ಕ್ರಿಯೆಯನ್ನು ಅನಂತರ ಸೂಚಿಸುವ ಈ ಕ್ರಮ ಹೊಸದಲ್ಲ. 1981ರ ಜೆರಾಕ್ಸ್ ಸ್ಟಾರ್ ಗಣಕದ ವಿನ್ಯಾಸಕರು ಇದನ್ನೇ ತತ್ತ್ವವಾಗಿ ಅಂಗೀಕರಿಸಿದ್ದರು. ಮೊದಲು ಕರ್ಮ, ಆಮೇಲೆ ಕ್ರಿಯೆ: ಇದು ಕನ್ನಡಿಗನಿಗೆ ಕಲಿಸಬೇಕಾದ ಕ್ರಮವಲ್ಲ. ಆದರೆ ‘ಇನ್ಸರ್ಟ್’ ಟ್ಯಾಬು ಹಳೆಯ ಕ್ರಿಯಾ-ಕರ್ಮ ಕ್ರಮದಲ್ಲಿಯೇ ಉಳಿಯಿತು. ವರ್ಡ್ 2007ರ ಟ್ಯಾಬುಗಳ ಸಾಲನ್ನು ವ್ಯಾಕರಣದ ದೃಷ್ಟಿಯಿಂದ ಓದಿದರೆ ಒಂದು ಸ್ಥಳವಾಚಕ (ಹೋಮ್), ಒಂದು ಕ್ರಿಯೆ (ಇನ್ಸರ್ಟ್), ಒಂದು ಸಮಾಸ (ಪೇಜ್ ಲೇಔಟ್), ಎರಡು ಬಹುವಚನ ನಾಮಪದ (ರೆಫರೆನ್ಸಸ್, ಮೇಲಿಂಗ್ಸ್), ಕೊನೆಗೆ ಎರಡೂ ಆಗಬಲ್ಲ ಎರಡು ಪದಗಳು (ರಿವ್ಯೂ, ವ್ಯೂ). ಇಂಗ್ಲಿಷಿನಲ್ಲಿ ಮುಚ್ಚಿಹೋಗುವ ಈ ಕಲಬೆರಕೆ ಕನ್ನಡದಲ್ಲಿ ಬಯಲಾಗುತ್ತದೆ. ‘ಹೋಮ್’ ಎಂಬುದನ್ನು ಜಾಲತಾಣಗಳ ರೂಢಿಯಂತೆ ‘ಮುಖಪುಟ’ ಎಂದರೆ, ಪಕ್ಕದ ಇನ್ಸರ್ಟ್ ಟ್ಯಾಬಿನಲ್ಲಿರುವ ‘ಕವರ್ ಪೇಜ್’ ಎಂಬ ಆದೇಶಕ್ಕೆ ಹೆಸರೇ ಉಳಿಯುವುದಿಲ್ಲ.

ಮೆನುವಿನ ಹಾದಿ ವಾಕ್ಯವಲ್ಲ, ಬಳಕೆದಾರ ನೆನಪಿಡುವುದು ಸ್ಥಳವನ್ನೇ ಹೊರತು ಪದವನ್ನಲ್ಲ ಎಂಬ ಆಕ್ಷೇಪ ಬರಬಹುದು. ಪಳಗಿದ ಬಳಕೆದಾರರ ವಿಷಯದಲ್ಲಿ ಅದು ನಿಜ. ಆದರೆ ಪರದೆಯನ್ನು ಕಿವಿಯಿಂದ ಓದುವವರಿಗೆ ಸ್ಥಳವೆಂಬುದಿಲ್ಲ, ಅನುಕ್ರಮವಷ್ಟೇ ಇದೆ. ಎನ್‌ವಿಡಿಎ ಎಂಬ ಪರದೆವಾಚಕವು ಇ-ಸ್ಪೀಕ್ ಧ್ವನಿಯ ಮೂಲಕ ಕನ್ನಡವನ್ನೂ ಓದುತ್ತದೆ. ಅದರ ಮೂಲಕ ಕೆಲಸ ಮಾಡುವ ದೃಷ್ಟಿಹೀನ ವಿದ್ಯಾರ್ಥಿಗೆ ಟ್ಯಾಬು, ಗುಂಪು, ಗುಂಡಿಗಳ ಹೆಸರುಗಳು ಒಂದರ ಹಿಂದೊಂದರಂತೆ ಕೇಳಿಸುತ್ತವೆ. ಆ ಸರಣಿ ಅವನ ಪಾಲಿಗೆ ಮಾತೇ. ಕಣ್ಣಿನಿಂದ ಓದುವವರಿಗೂ ಪದದ ನಷ್ಟ ತಪ್ಪಿದ್ದಲ್ಲ. ಕಿಟಕಿ ಕಿರಿದಾದಂತೆ ರಿಬ್ಬನ್ ಮೊದಲು ಗುಂಡಿಗಳ ಗಾತ್ರವನ್ನು ಕುಗ್ಗಿಸುತ್ತದೆ, ಅನಂತರ ಪದಗಳನ್ನು ಕೈಬಿಟ್ಟು ಚಿತ್ರಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ನಾಲ್ಕಕ್ಷರದ ‘ಸೇವ್’ ಎಲ್ಲಿ, ‘ಹೊಸ ಹೆಸರಿನಲ್ಲಿ ಉಳಿಸು’ ಎಲ್ಲಿ! ಉದ್ದದ ಪದಗಳುಳ್ಳ ಭಾಷೆ ತನ್ನ ಪದಗಳನ್ನು ಬೇಗನೆ ಕಳೆದುಕೊಳ್ಳುತ್ತದೆ.

ಅನುವಾದಕರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಕೈಗೆ ಸಿಗುವುದು ಸಂದರ್ಭ ಕಳಚಿಕೊಂಡ ಪದಗಳ ಪಟ್ಟಿ. ಮುಕ್ತ ತಂತ್ರಾಂಶಗಳಲ್ಲಿ ವ್ಯಾಪಕವಾಗಿರುವ ಗೆಟ್‌ಟೆಕ್ಸ್ಟ್ ವಿಧಾನದಲ್ಲಿ, ಸಂದರ್ಭವನ್ನು ಪ್ರತ್ಯೇಕವಾಗಿ ನಮೂದಿಸದಿದ್ದರೆ, ಒಂದೇ ರೂಪದ ಇಂಗ್ಲಿಷ್ ಪದಗಳೆಲ್ಲ ಒಂದೇ ನಮೂದಿನಲ್ಲಿ ಸೇರಿಹೋಗುತ್ತವೆ. ‘ಫಾರ್ಮ್ಯಾಟ್’ ಎಂಬುದು ಟ್ಯಾಬಿನ ಹೆಸರೋ ಆದೇಶವೋ ತಿಳಿಯದೆ ಅನುವಾದಿಸಬೇಕಾಗುತ್ತದೆ. ಅದರ ಮೇಲೆ ಆದೇಶ ಯಾರು ಯಾರಿಗೆ ಕೊಡುವುದು ಎಂಬ ಪ್ರಶ್ನೆ. ‘ಉಳಿಸು’ ಎಂದರೆ ಬಳಕೆದಾರ ಯಂತ್ರಕ್ಕೆ ಹೇಳಿದಂತೆ. ‘ಉಳಿಸಿ’ ಎಂದರೆ ಯಂತ್ರವೇ ಬಳಕೆದಾರನನ್ನು ಗೌರವದಿಂದ ಕೋರಿದಂತೆ. ಇಂದಿನ ಕನ್ನಡ ತಂತ್ರಾಂಶಗಳಲ್ಲಿ ಎರಡೂ ಚಾಲ್ತಿಯಲ್ಲಿವೆ. ನನ್ನ ಒಲವು ಮೊದಲನೆಯದರ ಕಡೆಗೆ: ಗುಂಡಿಯನ್ನು ಒತ್ತುವವನೇ ಅಲ್ಲಿ ಮಾತನಾಡುವವನು.

ಲಿಬ್ರೆಆಫೀಸ್ 2017ರ 5.3 ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ತಂದ ‘ನೋಟ್‌ಬುಕ್‌ಬಾರ್’ ಮೆನುವನ್ನು ಬಲವಂತವಾಗಿ ಕಿತ್ತುಹಾಕಲಿಲ್ಲ. ಹಳೆಯದನ್ನೋ ಹೊಸದನ್ನೋ ಆರಿಸಿಕೊಳ್ಳಲು ಬಿಟ್ಟಿತು. ಇದು ಸ್ವಾಗತಾರ್ಹ. ಆದರೂ ಭಾಷಾ ತಂಡಗಳು ಮುಟ್ಟುವುದು ಪದಗಳನ್ನು ಮಾತ್ರ, ಕ್ರಮವನ್ನಲ್ಲ. ಈ ಮಿತಿಯೊಳಗೂ ಮಾಡಬಹುದಾದುದಿದೆ. ಇನ್ಸರ್ಟ್ ಟ್ಯಾಬಿಗೆ ‘ಸೇರಿಸು’ ಎಂಬ ಕ್ರಿಯೆಗಿಂತ ‘ಸೇರ್ಪಡೆ’ ಎಂಬ ಭಾವನಾಮ ಒಪ್ಪುತ್ತದೆ. ಆಗ ಅದರ ಕೆಳಗಿನ ‘ಕೋಷ್ಟಕ’, ‘ಚಿತ್ರ’ಗಳು ಕ್ರಿಯೆಗಾಗಿ ಕಾಯುವ ಕರ್ಮಪದಗಳಾಗದೆ ಶೀರ್ಷಿಕೆಯ ಕೆಳಗಿನ ಪಟ್ಟಿಯಾಗುತ್ತವೆ. ಸಾಂದರ್ಭಿಕ ಟ್ಯಾಬುಗಳಲ್ಲಿ ವಿಧ್ಯರ್ಥ ಕ್ರಿಯಾರೂಪ ಸಾಕು, ಕರ್ಮ ಆಗಲೇ ಎದುರಿಗಿದೆ. ಜಾಗದ ಬಿಗಿಯಿಲ್ಲದ ಸುಳಿವುಪಠ್ಯದಲ್ಲಿ ದ್ವಿತೀಯಾ ವಿಭಕ್ತಿಯ ಪೂರ್ಣವಾಕ್ಯ ಬರಲಿ.

ಒಂದು ತೊಡಕು ಮಾತ್ರ ಹಾಗೆಯೇ ಉಳಿಯುತ್ತದೆ. ವರ್ಡ್‌ನ ಕೋಷ್ಟಕ ಟ್ಯಾಬಿನಲ್ಲಿ ಸಾಲುಗಳನ್ನು ಅಳಿಸುವ ಆದೇಶವಿದೆ. ಆಯ್ಕೆಯಾಗಿರುವುದು ಒಂದು ಸಾಲಾದರೂ ಹತ್ತಾದರೂ ಇಂಗ್ಲಿಷಿನ ಬಹುವಚನ ಎರಡಕ್ಕೂ ಸಲ್ಲುತ್ತದೆ. ಕನ್ನಡದ ‘ಸಾಲು ಅಳಿಸು’ ವಚನದ ವಿಷಯದಲ್ಲಿ ತಟಸ್ಥವಾಗಿದ್ದು ಇದಕ್ಕೆ ಒಪ್ಪುತ್ತದೆ, ಆದರೆ ನಿರ್ದಿಷ್ಟತೆಯನ್ನು ಬಿಟ್ಟುಕೊಡುತ್ತದೆ. ‘ಸಾಲನ್ನು’ ಎಂದರೂ ‘ಸಾಲುಗಳನ್ನು’ ಎಂದರೂ ನಿರ್ದಿಷ್ಟತೆ ಬರುತ್ತದೆ, ವಚನದ ತಟಸ್ಥತೆ ಹೋಗುತ್ತದೆ.