ನೀರಿನ ಬಣ್ಣದ ಛಾವಣಿ, ಬೆಂಕಿಗೆ ಬಿದ್ದ ಪುಸ್ತಕ

ಬೀಜಿಂಗ್ ಅರಮನೆಯ ಬಹುತೇಕ ಕಟ್ಟಡಗಳದ್ದು ಹಳದಿ ಹೆಂಚು. ಆದರೆ 1776ರಲ್ಲಿ ಚಕ್ರವರ್ತಿ ಚಿಯೆನ್‌ಲಾಂಗ್ ಅಲ್ಲಿ ಕಟ್ಟಿಸಿದ ವೆನ್‌ಯುವಾನ್ ಗ್ರಂಥಾಲಯದ ಹೆಂಚು ಕಪ್ಪು. ಚೀನೀಯರ ನಂಬಿಕೆಯಲ್ಲಿ ಕಪ್ಪು ನೀರಿನ ಬಣ್ಣ. ಕಟ್ಟಡದ ಮುಂದೆ ಕೊಳವೂ ಇದೆ. ನಿಂಗ್ಬೊ ನಗರದಲ್ಲಿ ಫಾನ್ ಚಿನ್ ಎಂಬ ಅಧಿಕಾರಿ 16ನೇ ಶತಮಾನದಲ್ಲಿ ಕಟ್ಟಿಸಿದ್ದ ಖಾಸಗಿ ಗ್ರಂಥಾಲಯ ಇದಕ್ಕೆ ಮಾದರಿ. ಪುಸ್ತಕದ ಮೊದಲ ವೈರಿ ಬೆಂಕಿ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಈ ಕಟ್ಟಡದಲ್ಲಿ ಇಡಲೆಂದು ಸಿದ್ಧಗೊಂಡದ್ದು 'ಸಿಕು ಚುವಾನ್‌ಶು' ಎಂಬ ಮಹಾಸಂಗ್ರಹ. ಸುಮಾರು 3,460 ಕೃತಿಗಳು, 36,000ಕ್ಕೂ ಹೆಚ್ಚು ಸಂಪುಟಗಳು, ಎಲ್ಲವೂ ಕೈಬರಹ. ಮೊದಲ ಪ್ರತಿ 1782ರ ಹೊತ್ತಿಗೆ ಮುಗಿಯಿತು. ಬಳಿಕ ಒಟ್ಟು ಏಳು ಪ್ರತಿಗಳಾದವು. ಕಳೆದೇ ಹೋಗಿದ್ದ ನೂರಾರು ಕೃತಿಗಳನ್ನು ವಿದ್ವಾಂಸರು ಹಳೆಯ ವಿಶ್ವಕೋಶವೊಂದರಿಂದ ಹೆಕ್ಕಿ ಮರುಜೋಡಿಸಿದರು. ಈ ಸಾಧನೆಯನ್ನು ನಾವು ಕಿರಿದು ಮಾಡಲಾಗದು.

ಆದರೆ ಈ ಸಂಗ್ರಹವನ್ನು ಹೊಗಳುವವರು ಸಂಪುಟಗಳನ್ನು ಎಣಿಸಿ ಸುಮ್ಮನಾಗುತ್ತಾರೆ. ಅದಕ್ಕೆಂದು ದೇಶದ ಮೂಲೆಮೂಲೆಯಿಂದ ಪುಸ್ತಕ ತರಿಸಿಕೊಂಡ ಅರಮನೆಯೇ ಅವುಗಳ ವಿಚಾರಣೆಯನ್ನೂ ನಡೆಸಿತು. ಮಂಚು ಅರಸರಿಗೆ ಅಪಮಾನವೆನಿಸಿದ ಎರಡು ಸಾವಿರಕ್ಕೂ ಹೆಚ್ಚು ಕೃತಿಗಳು ನಿಷೇಧಕ್ಕೊಳಗಾದವು. ಹಲವು ಅಚ್ಚಿನ ಹಲಗೆಗಳ ಸಮೇತ ಸುಟ್ಟುಹೋದವು. ಚಕ್ರವರ್ತಿಗಳ ಹೆಸರಿನ ಅಕ್ಷರಗಳನ್ನು ತನ್ನ ನಿಘಂಟಿನಲ್ಲಿ ಮುದ್ರಿಸಿದ ತಪ್ಪಿಗೆ ವಾಂಗ್ ಶಿಹೌ ಎಂಬ ವಿದ್ವಾಂಸನಿಗೆ 1777ರಲ್ಲಿ ಮರಣದಂಡನೆಯಾಯಿತು.

ನಕಲಾದ ಪುಸ್ತಕ, ಸುಟ್ಟ ಪುಸ್ತಕ — ಇವೆರಡರ ನಡುವೆ ಮೂರನೆಯದೊಂದು ವರ್ಗವಿತ್ತು: ಪಟ್ಟಿಯಲ್ಲಿ ಹೆಸರು ಮಾತ್ರ, ಕಪಾಟಿನಲ್ಲಿ ಜಾಗವಿಲ್ಲ. ಚೀನೀ ಮುಸ್ಲಿಮರ ಮಹಾ ವಿದ್ವಾಂಸ ಲಿಯು ಜಿ ಇಸ್ಲಾಮೀ ಆಚರಣೆಗಳನ್ನು ಕುರಿತು ಬರೆದ 'ತಿಯೆನ್‌ಫಾಂಗ್ ದಿಯೆನ್‌ಲಿ' ಸೇರಿದ್ದು ಈ ವರ್ಗಕ್ಕೆ. ಕನ್ಫ್ಯೂಷಿಯಸ್ ಪರಂಪರೆಯ ಭಾಷೆಯಲ್ಲೇ ಇಸ್ಲಾಮನ್ನು ವಿವರಿಸಿದ ಕೃತಿಯದು. ಬರವಣಿಗೆ ಸೊಗಸಾಗಿದೆ, ಆದರೆ ಬುಡವೇ ಸರಿಯಿಲ್ಲದ ಮೇಲೆ ಸೊಗಸಿನಿಂದೇನು ಎಂಬುದು ಅರಮನೆಯ ಸಂಪಾದಕರ ತೀರ್ಪು. ಅದೇ 1782ರಲ್ಲಿ, ಹಾಯ್ ಫುರುನ್ ಎಂಬ ಮುಸ್ಲಿಮ್ ವಿದ್ಯಾರ್ಥಿ ಊರಿಗೆ ಮರಳುವಾಗ ಗುಯಿಲಿನ್‌ನಲ್ಲಿ ಸೆರೆಸಿಕ್ಕ. ಅವನ ಗಂಟಿನಲ್ಲಿ ಲಿಯು ಜಿಯ ಪುಸ್ತಕವೂ ಇತ್ತು. ಇವು ಮುಸ್ಲಿಮರು ಎಂದಿನಿಂದಲೂ ಓದುವ ಪುಸ್ತಕಗಳು, ಇವುಗಳಲ್ಲಿ ದ್ರೋಹವೇನಿಲ್ಲ ಎಂದು ಚಿಯೆನ್‌ಲಾಂಗನೇ ಅಧಿಕಾರಿಯನ್ನು ಗದರಿ ಅವನನ್ನು ಬಿಡಿಸಿದ. ಅರಸನ ಈ ವಿವೇಕವನ್ನು ನಾವು ಒಪ್ಪಬೇಕು. ಆದರೆ ಓದುಗನ ತಲೆ ಅರಸನ ವಿವೇಕವನ್ನೇ ನಂಬಿ ಉಳಿಯಬೇಕಾದ ನಾಡಿನಲ್ಲಿ ಗ್ರಂಥಾಲಯ ಎಷ್ಟು ದೊಡ್ಡದಿದ್ದರೇನು?

ಏಳು ಪ್ರತಿಗಳಲ್ಲಿ ಎರಡು ತೈಪಿಂಗ್ ದಂಗೆಯಲ್ಲಿ ನಾಶವಾದವು. ಇನ್ನೊಂದು 1860ರಲ್ಲಿ ಬ್ರಿಟಿಷ್ ಸೈನಿಕರು ಯುವಾನ್‌ಮಿಂಗ್‌ಯುವಾನ್ ಅರಮನೆಗೆ ಇಟ್ಟ ಬೆಂಕಿಯಲ್ಲಿ ಹೋಯಿತು. ಹಾಂಗ್‌ಝೌ ನಗರದ ಪ್ರತಿ ಚೆದುರಿಹೋದಾಗ, ಆ ಊರಿನ ಡಿಂಗ್ ಸೋದರರು ಹಾಳೆ ಹಾಳೆ ಆಯ್ದು ತಂದು, ಕಳೆದ ಭಾಗಗಳನ್ನು ಮತ್ತೆ ಬರೆಸಿದರು. ಅತ್ತ ಲಿಯು ಜಿಯ ಪುಸ್ತಕವನ್ನು ಯಾವ ಚಕ್ರವರ್ತಿಯೂ ಕಾಪಾಡಲಿಲ್ಲ. ಅದನ್ನು ಮುಸ್ಲಿಮರೇ ಮತ್ತೆ ಮತ್ತೆ ಅಚ್ಚು ಹಾಕಿಸಿ ಓದಿದರು, ಇಂದಿಗೂ ಓದುತ್ತಿದ್ದಾರೆ. ಕಪ್ಪು ಹೆಂಚು ಮಾಡದ ಕೆಲಸವನ್ನು ಓದುವ ಜನ ಮಾಡಿದರು.